ಕೊನೆಯವಳು ಬರುವವರೆಗೆ

ವಾಲ್ಮೋರಾ
ಜೂನ್ 9, 2003

ಅಕ್ಕ,

ನಿನ್ನ ಪತ್ರ ಬಂದು ತಿಂಗಳಾಯಿತು. ಉತ್ತರ ಬರೆಯಲು ಕೂತರೆ ನಿದ್ದೆ ಬರುತ್ತದೆ, ಮಲಗಿದರೆ ಬರುವುದಿಲ್ಲ. ಇವತ್ತು ಬಟಾಣಿ ಸುಲಿದು ಮುಗಿಸಿ, ಸಿಪ್ಪೆಯನ್ನು ಮೇಜಿನ ಆಚೆ ತಳ್ಳಿ ಬರೆಯುತ್ತಿದ್ದೇನೆ. ಕಾಗದದ ಮೇಲೆ ಹಸಿರು ಕಲೆ ಕಂಡರೆ ನಿಮ್ಮ ಮಠದ ಮದರ್ ಗಾಬರಿಯಾಗದಿರಲಿ.

ಉರ್ಬೆಸ್ ಹುಲ್ಲಿನ ಪೆಂಡಿಗಳ ಮೇಲಿಂದ ಬಿದ್ದು ಮೊಣಕಾಲು ಕೆಡಿಸಿಕೊಂಡಿದ್ದಾನೆ. ಡಾಕ್ಟರು ಕೊಯ್ದು ಹೊಲಿದು, ಚಳಿಗಾಲದವರೆಗೆ ಕೆಲಸದ ಮಾತೆತ್ತಬೇಡ ಎಂದಿದ್ದಾರೆ. ಈಗ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತು ಬೀದಿಯಲ್ಲಿ ಹೋಗುವವರಿಗೆಲ್ಲ ಬುದ್ಧಿ ಹೇಳುತ್ತಾನೆ. ಈಚೆ ಕೋಣೆಯಲ್ಲಿ ಇವನು, ಆಚೆ ಕೋಣೆಯಲ್ಲಿ ಇವನ ಅಮ್ಮ. ಅತ್ತೆಗೆ ಈಗ ಹಗಲು ಯಾವುದು ರಾತ್ರಿ ಯಾವುದು ತಿಳಿಯುವುದಿಲ್ಲ. ನಡುರಾತ್ರಿ ಎದ್ದು ಹಸುವಿನ ಹಾಲು ಕರೆಯಬೇಕು ಎನ್ನುತ್ತಾರೆ. ನಾವು ಹಸು ಮಾರಿ ಎಷ್ಟೋ ವರ್ಷವಾಯಿತು. ಹಾಗೆಂದರೆ ಅಳುತ್ತಾರೆ, ಆದ್ದರಿಂದ ಹಾಲು ಕರೆದಾಯಿತು ಅತ್ತೆ ಎನ್ನುತ್ತೇನೆ. ಬೆಳಗ್ಗೆ ಎದ್ದು ಶಾಲೆಗೆ ಹೋಗಿ ಮಕ್ಕಳಿಗೆ ಅಡುಗೆ ಮಾಡಿ ಬರುತ್ತೇನೆ. ಆ ಗದ್ದಲದಲ್ಲೇ ನನಗೆ ಸ್ವಲ್ಪ ವಿಶ್ರಾಂತಿ.

ಇಷ್ಟು ಸಾಲದೆಂದು ಆಗಸ್ಟ್ ಹದಿನಾಲ್ಕರ ಸಂಜೆಯ ಓಟ ತಲೆಯ ಮೇಲೆ ಬಂದಿದೆ. ಮನೆಗೊಬ್ಬರು ಓಡಲೇಬೇಕು, ಓಡದ ಮನೆಗೆ ಚೌಕದ ಊಟದ ಮೇಜಿನಲ್ಲಿ ಜಾಗವಿಲ್ಲ ಎನ್ನುವುದು ನಿನ್ನ ಕಾಲದಲ್ಲಿ ಹೇಗಿತ್ತೋ ಈಗಲೂ ಹಾಗೇ ಇದೆ. ಇಷ್ಟು ವರ್ಷ ಉರ್ಬೆಸ್ ಓಡುತ್ತಿದ್ದ. ಮೊನ್ನೆ ಬಾರ್ ನಡೆಸುವ ನಿಯೆವೆಸ್ ಬೀದಿಯಲ್ಲಿ ತಡೆದು ಕೇಳಿದಳು.

"ಕಮ್ಮಾರರ ಮನೆಯಿಂದ ಈ ಸಲ ಯಾರೇ?"

"ಯಾರೂ ಇಲ್ಲ ಕಣೇ. ಒಬ್ಬರಿಗೆ ಕಾಲು ನೆಟ್ಟಗಿಲ್ಲ, ಒಬ್ಬರಿಗೆ ತಲೆ ನೆಟ್ಟಗಿಲ್ಲ."

"ನಿಂಗೆ ಎರಡೂ ನೆಟ್ಟಗಿದ್ಯಲ್ಲ. ನಿನ್ ಹೆಸ್ರು ಬರ್ಕೋತೀನಿ."

ಬರೆದುಕೊಂಡೂ ಬಿಟ್ಟಳು. ಮನೆಗೆ ಬಂದು ಉರ್ಬೆಸ್‌ಗೆ ಹೇಳಿದರೆ ಅವನು ನಗಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು. "ಕಮ್ಮಾರರ ಮನೆಯೋರು ಯಾವತ್ತೂ ಕೊನೆಗೆ ಬಂದಿಲ್ಲ" ಎಂದ. ಮೊದಲು ಬಂದವರಿಗೆ ಮೂರು ಹುಂಜ, ಆಮೇಲೆ ಎರಡು, ಆಮೇಲೆ ಒಂದು. ಎಲ್ಲರಿಗಿಂತ ಕೊನೆಗೆ ಬಂದವರಿಗೆ ಒಂದು ಈರುಳ್ಳಿ. ಈರುಳ್ಳಿಗೆ ನಾನು ಅಂಜುವುದಿಲ್ಲ, ಅಡುಗೆಯವಳಿಗೆ ಅದು ಬೇಕಾದದ್ದೇ. ಆದರೆ ಕೊನೆಯವರು ಚೌಕಕ್ಕೆ ಬಂದು, "ಎಲ್ಲರೂ ಬಂದಾಯಿತು" ಎಂದು ಹೇಳುವವರೆಗೆ ಊರಿನಲ್ಲಿ ಯಾರೂ ರೊಟ್ಟಿ ಮುರಿಯುವಂತಿಲ್ಲವಲ್ಲ. ಊರಿಗೆ ಊರೇ ತಟ್ಟೆಯ ಮುಂದೆ ಕೂತು ನನ್ನ ದಾರಿ ಕಾಯುವುದನ್ನು ನೆನೆದರೆ ಈಗಲೇ ಊರು ಬಿಟ್ಟು ಓಡೋಣ ಎನಿಸುತ್ತದೆ. ಮನೆಯಲ್ಲಿ ನನ್ನ ದಾರಿ ಕಾಯುವವರೇ ನನಗೆ ಸಾಕಾಗಿದ್ದಾರೆ.

ನೀನು ಹದಿನಾರರಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ ಮೂರು ಹುಂಜ ತಂದವಳು. ಹೇಗೆ ಓಡಬೇಕು, ಬರೆ.

ನಿನ್ನ ತಂಗಿ
ಒರೋಸಿಯಾ

—

ಓಲ್ಮೆದಿಯಾ, ಮಠ
ಜೂನ್ 18, 2003

ಒರೋಸಿ,

ಬಟಾಣಿಯ ಕಲೆ ಮದರ್‌ಗೆ ಕಾಣಿಸಲಿಲ್ಲ. ಅವರ ಕಣ್ಣಿಗೆ ಈಗ ನನ್ನ ಮುಖವೇ ಸರಿಯಾಗಿ ಕಾಣಿಸುವುದಿಲ್ಲ.

ಓಡುವುದನ್ನು ಹೇಳಿಕೊಡು ಎನ್ನುತ್ತೀಯ. ಇಲ್ಲಿಗೆ ಬರುವ ಮುಂಚೆ ನಾನು ಕೊನೆಯ ಸಲ ಓಡಿ ಮೂವತ್ತೊಂದು ವರ್ಷವಾಯಿತು. ಆದರೂ ನಿನ್ನ ಪತ್ರ ಓದಿದ ಮೇಲೆ ಕೋಸಿನ ಪಾತಿಯ ಪಕ್ಕ ಯಾರೂ ಇಲ್ಲದ್ದು ನೋಡಿ ನಾಲ್ಕು ಹೆಜ್ಜೆ ಓಡಿದೆ. ಉಟ್ಟ ನಿಲುವಂಗಿ ಕಾಲಿಗೆ ಸುತ್ತಿಕೊಂಡು ಬೀಳುವುದೊಂದು ಬಾಕಿ. ಬೆನಿಗ್ನಾ ತಾಯಿ ಕಿಟಕಿಯಿಂದ ನೋಡಿ, "ಎಲ್ಲಿ ಬೆಂಕಿ ಬಿತ್ತಮ್ಮಾ?" ಎಂದು ಕೂಗಿದರು. ನಮ್ಮ ಸಿಸ್ಟರ್‌ಗಳಲ್ಲೆಲ್ಲ ಹಿರಿಯರು, ತೊಂಬತ್ತೊಂದು ವರ್ಷ. ಕಿವಿ ಇಲ್ಲ, ಕಣ್ಣು ಮಾತ್ರ ಹದ್ದಿನದು.

ಕೇಳು. ಚೌಕದಿಂದ ಹೊರಡುವಾಗ ಹುಡುಗರು ಜೀವ ಹೋಗುವ ಹಾಗೆ ಓಡುತ್ತಾರೆ, ನೀನು ಓಡಬೇಡ. ಒಕ್ಕಣೆಯ ಕಣಗಳನ್ನು ದಾಟುವವರೆಗೆ ಸಂತೆಗೆ ಹೊರಟವಳ ಹಾಗೆ ಹೋಗು. ಬಟ್ಟೆ ಒಗೆಯುವ ಕೊಳದ ಹತ್ತಿರ ಇಳಿಜಾರಿದೆ, ಅಲ್ಲಿ ಕಾಲನ್ನು ಅದರ ಪಾಡಿಗೆ ಬಿಡು. ಬೆಟ್ಟದ ಮೇಲಿನ ಪುಟ್ಟ ಚರ್ಚಿಗೆ ಹತ್ತುವಾಗ ತಲೆ ಎತ್ತಿ ನೋಡಬೇಡ, ನೋಡಿದರೆ ಬೆಟ್ಟ ಬೆಳೆಯುತ್ತದೆ. ಅಲ್ಲಿಂದ ಕೆಳಗೆ ಊರು ಕಾಣುತ್ತದೆ, ಮೇಜುಗಳ ಬಿಳಿ ಬಟ್ಟೆ ಕಾಣುತ್ತದೆ. ಅದನ್ನು ನೋಡಿದ ಮೇಲೆ ಯಾರೂ ನಿಲ್ಲುವುದಿಲ್ಲ. ದಿನಾ ಸಂಜೆ ಅರ್ಧ ಗಂಟೆ ಅಭ್ಯಾಸ ಮಾಡು. ಉರ್ಬೆಸ್‌ಗೆ ಕಾಲಿಲ್ಲದಿದ್ದರೂ ಕೈ ಇದೆ, ಅಮ್ಮನನ್ನು ಅಷ್ಟು ಹೊತ್ತು ಅವನು ನೋಡಿಕೊಳ್ಳಲಿ.

ನಾವಿಲ್ಲಿ ಐದು ಜನ ಉಳಿದಿದ್ದೇವೆ. ಬಿಷಪ್ ಬಂದಿದ್ದರು. ಕಾಫಿ ಕುಡಿದರು, ನಾವು ಮಾಡಿ ಮಾರುವ ಮೊಟ್ಟೆಯ ಹಳದಿಯ ಸಿಹಿಯನ್ನು ಹೊಗಳಿದರು, ಸೋರುವ ಮಾಡನ್ನು ಬಹಳ ಹೊತ್ತು ನೋಡಿದರು.

ನಾನು ನಿನ್ನ ಗಂಡನ ಮನೆಯನ್ನು ಒಳಗಿನಿಂದ ಕಂಡದ್ದೇ ಇಲ್ಲ ಎಂದು ಮೊನ್ನೆ ಹೊಳೆಯಿತು. ನಿನ್ನ ಮದುವೆಗೆ ಮೊದಲೇ ನಾನು ಇಲ್ಲಿಗೆ ಬಂದೆ. ಎಷ್ಟು ಕೋಣೆಗಳಿವೆ? ಹಿಂದುಗಡೆ ಒಂದಿರಬೇಕಲ್ಲ, ಅದರಲ್ಲಿ ಯಾರಿದ್ದಾರೆ? ಸುಮ್ಮನೆ ಕೇಳಿದೆ.

ನಿನ್ನ ಅಕ್ಕ
ಕಸಿಲ್ದಾ

—

ವಾಲ್ಮೋರಾ
ಜುಲೈ 1, 2003

ಅಕ್ಕ,

ಅಭ್ಯಾಸ ಶುರು ಮಾಡಿದ್ದೇನೆ. ಉರ್ಬೆಸ್‌ನ ಹಳೆಯ ಬೂಟಿನ ತುದಿಗೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತೇನೆ. ಸೂರ್ಯ ಕಣಗಳ ಆಚೆ ಇಳಿದ ಮೇಲೆ ಹೊರಡುತ್ತೇನೆ. ಮೊದಲ ದಿನ ಕೊಳದವರೆಗೆ ಹೋಗಿ ಕಲ್ಲಿನ ಮೇಲೆ ಕೂತೆ, ಎದ್ದೇಳಲು ಮನಸ್ಸೇ ಬರಲಿಲ್ಲ. ಯಾರೂ ನನ್ನನ್ನು ಕರೆಯುತ್ತಿರಲಿಲ್ಲ, ಅಷ್ಟು ಸುಖವಾಗಿತ್ತು. ಮೇಲಿನ ಮನೆಯ ಪಾಸ್ಕ್ವಾಲ್ ಆ ಕಡೆಯಿಂದ ಬುಸುಗುಟ್ಟುತ್ತ ಬಂದ. ಅವನೂ ಅಭ್ಯಾಸ ಮಾಡುತ್ತಿದ್ದಾನೆ. ಅವನು ಎಷ್ಟು ದಪ್ಪವಾಗಿದ್ದಾನೆಂದು ನಿನಗೆ ಗೊತ್ತಿಲ್ಲ. ಹೋದ ವರ್ಷದ ಈರುಳ್ಳಿ ಅವನದೇ.

"ಏನಮ್ಮಾ, ಕುರಿ ಕಳ್ಕೊಂಡ್ಯಾ?"

"ಓಡ್ತಿದೀನಿ."

"ಕೂತ್ಕೊಂಡಾ? ಹಾಗಾದ್ರೆ ಈ ವರ್ಷ ನಂಗೆ ಈರುಳ್ಳಿ ಇಲ್ಲ" ಎಂದು ನಗುತ್ತ ಹೋದ. ನನಗೆ ಸಿಟ್ಟು ಬಂತು, ಎದ್ದು ಚರ್ಚಿನವರೆಗೂ ಹೋದೆ. ಈಗ ಆಸೆ ಇಷ್ಟೇ. ಪಾಸ್ಕ್ವಾಲ್‌ಗಿಂತ ಒಂದು ಹೆಜ್ಜೆ ಮುಂದೆ ಬಂದರೆ ಸಾಕು.

ಮನೆಯ ಕೋಣೆ ಕೇಳಿದ್ದೀಯ. ನಾಲ್ಕಿವೆ. ನಮ್ಮದೊಂದು, ಅತ್ತೆಯದೊಂದು, ಊಟದ್ದೊಂದು. ಹಿಂದಿನದರಲ್ಲಿ ಆಲೂಗಡ್ಡೆ ಮೂಟೆ, ಕೆಟ್ಟ ಟೀವಿ, ಮಾವನ ಸುತ್ತಿಗೆ ಇಕ್ಕಳಗಳು. ಅದಕ್ಕೂ ಕಣ್ಣು ಹಾಕುವವರಿದ್ದಾರೆ. ಉರ್ಬೆಸ್‌ನ ಚಿಕ್ಕಪ್ಪನ ಮಗಳು ಪಟ್ಟಣದಿಂದ ಬಂದು ಆಗಸ್ಟ್ ಪೂರ್ತಿ ಇರುತ್ತೇನೆ ಎಂದು ಹೇಳಿಕಳಿಸಿದ್ದಳು. ಬೇಡ ಎಂದೆ. ಅಕ್ಕ, ಸತ್ಯ ಹೇಳುತ್ತೇನೆ, ಈ ಮನೆಗೆ ಇನ್ನೊಂದು ಜೀವ ಬಂದರೆ ನಾನು ಕೊಳಕ್ಕೆ ಹಾರುತ್ತೇನೆ. ಇನ್ನೊಂದು ತಟ್ಟೆ, ಇನ್ನೊಂದು ಹಾಸಿಗೆ, ಇನ್ನೊಬ್ಬರ ಬೇನೆ ಬೇಸರಿಕೆ, ನನ್ನಿಂದಾಗದು. ಯಾರೇ ಆಗಲಿ. ನೀನು ಅದೃಷ್ಟವಂತೆ. ಸುತ್ತ ಎತ್ತರದ ಗೋಡೆ, ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ಪ್ರಾರ್ಥನೆ. ಒಂದು ವಾರ ಅದಲು ಬದಲು ಮಾಡಿಕೊಳ್ಳೋಣವೇ? ತಮಾಷೆಗೆ ಹೇಳಿದೆ.

ಮಾಡು ಸೋರುವುದನ್ನು ಬಿಷಪ್ ಸರಿಮಾಡಿಸುತ್ತಾರಂತೆಯೇ?

ಒರೋಸಿಯಾ

—

ಓಲ್ಮೆದಿಯಾ, ಮಠ
ಜುಲೈ 8, 2003

ಒರೋಸಿ,

ಬಿಷಪ್ ಮಾಡನ್ನು ಸರಿಮಾಡಿಸುವುದಿಲ್ಲ. ಮಠವನ್ನೇ ಮುಚ್ಚುತ್ತಾರೆ. ಸೆಪ್ಟೆಂಬರ್ ಕೊನೆಗೆ ಬೀಗ. ನಮ್ಮ ಪಂಗಡದ ದೊಡ್ಡ ಮನೆಯೊಂದು ಗಲೀಸಿಯಾದಲ್ಲಿದೆ, ಸಮುದ್ರದ ದಂಡೆಯಲ್ಲಿ, ವಯಸ್ಸಾದ ಸಿಸ್ಟರ್‌ಗಳಿಗೆಂದೇ. ಅಲ್ಲಿಗೆ ಹೋಗಬಹುದು. ಒಂದು ವರ್ಷದ ಅನುಮತಿ ಪಡೆದು ಒಡಹುಟ್ಟಿದವರ ಮನೆಗೂ ಹೋಗಬಹುದು, ಆಮೇಲೆ ಯೋಚಿಸೋಣ ಎಂದಿದ್ದಾರೆ. ಒಡಹುಟ್ಟಿದವರು ಕರೆದರೆ.

ಅದಕ್ಕೇ ಕೋಣೆ ಎಷ್ಟು ಎಂದು ಕೇಳಿದ್ದು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಕೇಳಿದೆ, ನೇರವಾಗಿ ಕೇಳಲು ನಾಚಿಕೆಯಾಯಿತು. ನನಗೆ ಐವತ್ತೈದು. ಗಲೀಸಿಯಾದ ಆ ಮನೆಯಲ್ಲಿ ನನ್ನನ್ನು ಎಲ್ಲರೂ ಮಗು ಎನ್ನುತ್ತಾರೆ, ಒಬ್ಬೊಬ್ಬರನ್ನೇ ಮಣ್ಣು ಮಾಡಿ ಕೊನೆಗೆ ನಾನೇ ಉಳಿಯುತ್ತೇನೆ. ಅದು ಬೇಡ. ನನಗೆ ಆ ಕಣಗಳ ಧೂಳಿನ ವಾಸನೆ ಬೇಕು. ನೀನು ಬೇಕು. ಆಲೂಗಡ್ಡೆ ಮೂಟೆಯ ಪಕ್ಕದಲ್ಲಿ ಒಂದು ಮಂಚದ ಜಾಗ ಸಾಕು.

ನೀನು ಬರೆದಿದ್ದೀಯ, ಯಾರೇ ಆಗಲಿ, ಎಂದು. ನಾನು ಆ ಸಾಲನ್ನು

(ಕಳಿಸಲಿಲ್ಲ. ಕ.)

—

ಓಲ್ಮೆದಿಯಾ, ಮಠ
ಜುಲೈ 8, 2003

ಒರೋಸಿಯಾ,

ನಿನ್ನ ಪತ್ರ ತಲುಪಿತು. ಇಲ್ಲಿ ಎಲ್ಲ ಕ್ಷೇಮ. ಮಾಡಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.

ಬೂಟಿನ ತುದಿಗೆ ಬಟ್ಟೆ ತುರುಕಬೇಡ, ಉಗುರು ಹೋಗುತ್ತದೆ. ಕಾಲಿಗೆ ಸರಿಯಾದದ್ದು ಹಾಕಿಕೋ.

ನಿನಗೆ ಸಾಕಷ್ಟು ಕೆಲಸವಿದೆ. ನನಗೆ ಬರೆಯಲು ಹೊತ್ತು ಕಳೆಯಬೇಡ.

ದೇವರು ಒಳ್ಳೆಯದು ಮಾಡಲಿ.

ಸಿಸ್ಟರ್ ಕಸಿಲ್ದಾ

—

ವಾಲ್ಮೋರಾ
ಜುಲೈ 24, 2003

ಅಕ್ಕ,

ಇದೇನು, ನನಗೇ ಸಿಸ್ಟರ್ ಎಂದು ಸಹಿ ಹಾಕಿದ್ದೀಯ? ಬ್ಯಾಂಕಿನವರು ಬರೆದ ಹಾಗಿತ್ತು ನಿನ್ನ ಪತ್ರ. ಉರ್ಬೆಸ್‌ಗೆ ತೋರಿಸಿದೆ. "ನಿಮ್ಮಕ್ಕ ಪ್ರಾರ್ಥನೆ ಮಧ್ಯದಲ್ಲಿ ಬರ್ದಿರ್ಬೇಕು ಬಿಡೆ" ಎಂದ. ನನಗೆ ಹಾಗನಿಸಲಿಲ್ಲ. ಗೋಡೆಯೊಳಗೆ ಸುಖವಾಗಿದ್ದೀಯ ಎಂದು ಬರೆದದ್ದು ನಿನಗೆ ದೇವರ ವಿಷಯದಲ್ಲಿ ಹಗುರ ಮಾತೆನಿಸಿತೇ? ಪ್ರಾರ್ಥನೆಯೂ ಕಷ್ಟದ ಕೆಲಸವೇ ಎಂದು ನನಗೆ ಗೊತ್ತು. ತಪ್ಪಾಗಿದ್ದರೆ ಬೈದುಬಿಡು, ನಿನ್ನ ಬೈಗುಳ ನನಗೆ ಹೊಸದಲ್ಲ.

ನೀನು ಹೇಳಿದ ಹಾಗೆ ಬೂಟು ಬದಲಾಯಿಸಿದೆ. ಎಡಗಾಲಿನ ಉಗುರು ಅಷ್ಟರಲ್ಲಿ ಕಪ್ಪಾಗಿತ್ತು. ಈಗ ಚರ್ಚಿನವರೆಗೆ ನಿಲ್ಲದೆ ಹೋಗುತ್ತೇನೆ, ಓಡುತ್ತೇನೆಂದು ಹೇಳಲಾರೆ. ತಲೆ ಎತ್ತುವುದಿಲ್ಲ. ದಾರಿಯಲ್ಲಿ ನಿನ್ನ ಜೊತೆ ಮಾತಾಡುತ್ತೇನೆ. ನೀನು ಮುಂದೆ ಓಡುತ್ತಿರುತ್ತೀಯ, ಹದಿನಾರರ ಕಾಲುಗಳಲ್ಲಿ, ಹಿಂದೆ ತಿರುಗಿ ನೋಡುವುದೇ ಇಲ್ಲ.

ಅತ್ತೆ ಮೊನ್ನೆ ನನ್ನನ್ನು ಅವರ ಅಮ್ಮ ಎಂದುಕೊಂಡರು. ಕೈ ಹಿಡಿದುಕೊಂಡು, "ನಿಂಗೆ ಸುಸ್ತಾಗಿದೆ ಅಮ್ಮಾ, ಕೂತ್ಕೋ" ಎಂದರು. ಇಡೀ ಬೇಸಿಗೆಯಲ್ಲಿ ನನಗೆ ಆ ಮಾತು ಹೇಳಿದವರು ಅವರೊಬ್ಬರೇ. ನಾನು ಕೂತೆ. ಸ್ವಲ್ಪ ಕಣ್ಣೀರೂ ಹಾಕಿದೆ.

ನಾಲ್ಕು ಸಾಲು ಬರೆ.

ಒರೋಸಿಯಾ

—

ವಾಲ್ಮೋರಾ
ಆಗಸ್ಟ್ 10, 2003

ಅಕ್ಕ,

ಪತ್ರವಿಲ್ಲ. ಮಠಕ್ಕೆ ಫೋನ್ ಮಾಡಿದೆ. ಕಿವಿ ಕೇಳದ ಯಾರೋ ಎತ್ತಿ, ಸಿಹಿ ಬೇಕಿದ್ದರೆ ಸೋಮವಾರ ಬನ್ನಿ ಎಂದು ಹೇಳಿ ಇಟ್ಟುಬಿಟ್ಟರು.

ಗುರುವಾರ ಓಟ. ಇಲ್ಲಿ ಬಿಸಿಲಿಗೆ ಹೆಂಚುಗಳು ಸಿಡಿಯುತ್ತಿವೆ, ರಾತ್ರಿಯೂ ಗಾಳಿಯಿಲ್ಲ. ಓಟ ಯಾಕಾದರೂ ಬಂತೋ ಎನಿಸುತ್ತದೆ. ಆದರೂ ಹೋಗುತ್ತೇನೆ. ನೀನು ಮುನಿಸಿಕೊಂಡಿದ್ದರೂ ಆ ಸಂಜೆ ಎಂಟಕ್ಕೆ ನನ್ನನ್ನು ನೆನೆಸಿಕೋ.

ಒರೋಸಿಯಾ

—

ವಾಲ್ಮೋರಾ
ಆಗಸ್ಟ್ 16, 2003

ಅಕ್ಕ,

ನಾನು ಕೊನೆಗೆ ಬಂದೆ. ಯಾಕೆ ಬಂದೆ ಎಂದು ಹೇಳುತ್ತೇನೆ, ಪೂರ್ತಿ ಓದು, ಅರ್ಧಕ್ಕೆ ಮಡಚಿಡಬೇಡ.

ಊರ ಚರ್ಚಿನ ಗಂಟೆ ಎಂಟು ಹೊಡೆದದ್ದೇ ಹೊರಟೆವು. ಮನೆಗೊಬ್ಬರಂತೆ ಮೂವತ್ತಕ್ಕೂ ಹೆಚ್ಚು ಜನರಿದ್ದರು. ಹುಡುಗರು ನೀನು ಹೇಳಿದ ಹಾಗೆ ಜೀವ ಬಿಟ್ಟು ಓಡಿದರು. ನಾನು ಸಂತೆಗೆ ಹೊರಟವಳ ಹಾಗೆ ಹೊರಟೆ. ಬಾಗಿಲುಗಳಲ್ಲಿ ನಿಂತವರು ಸುಮ್ಮನಿರುತ್ತಾರೆಯೇ?

"ಒರೋಸಿಯಾ, ಒಲೆ ಮೇಲೆ ಹಾಲಿಟ್ಟು ಬಂದ್ಯೇನೇ?"

"ಹಿಂದೆ ಪಾಸ್ಕ್ವಾಲ್ ಬರ್ತಿದಾನೆ, ಮೈಮೇಲೆ ಬಿದ್ದಾನು, ಹುಷಾರು."

ಉರ್ಬೆಸ್ ಊರುಗೋಲು ಹಿಡಿದು ನಿಯೆವೆಸ್‌ಳ ಬಾರ್ ಮುಂದೆ ನಿಂತಿದ್ದ, ಪಕ್ಕದಲ್ಲಿ ಅತ್ತೆ ಕುರ್ಚಿಯಲ್ಲಿ. ಅವನು ಏನೂ ಕೂಗಲಿಲ್ಲ, ಊರುಗೋಲು ಎತ್ತಿ ತೋರಿಸಿದ. ಕಣ ದಾಟಿದೆ, ಕೊಳದ ಇಳಿಜಾರಿನಲ್ಲಿ ಕಾಲನ್ನು ಅದರ ಪಾಡಿಗೆ ಬಿಟ್ಟೆ. ಬೆಟ್ಟ ಹತ್ತುವಾಗ ಉಸಿರು ಗಂಟಲಲ್ಲೇ ಇತ್ತು, ತಲೆ ಎತ್ತಲಿಲ್ಲ. ಚರ್ಚಿನ ಹತ್ತಿರ ತಿರುಗಿ ನೋಡಿದರೆ ಪಾಸ್ಕ್ವಾಲ್ ಇನ್ನೂ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಆಗ ನನಗಾದ ಸಂತೋಷಕ್ಕೆ ಪಾಪನಿವೇದನೆ ಮಾಡಬೇಕು.

ಅಲ್ಲಿ ನೀರು ಕೊಡುತ್ತಿದ್ದವನು ರೊಟ್ಟಿ ವ್ಯಾನಿನ ಹಿಲಾರಿಯೋ. ನಿಮ್ಮ ಮಠಕ್ಕೆ ಹಿಟ್ಟು ಹಾಕುವವನು ಅವನೇ ಎಂದು ನನಗೆ ಗೊತ್ತಿರಲಿಲ್ಲ. ಲೋಟ ಕೈಗೆ ಕೊಡುತ್ತ ಕೇಳಿದ.

"ಅಕ್ಕನ್ನ ಯಾವತ್ತು ಕರ್ಕೊಂಡ್ ಬರ್ತೀರಿ?"

"ಯಾವ ಅಕ್ಕನ್ನ?"

"ನಿಮ್ಮಕ್ಕನ್ನೇ. ಮಠ ಮುಚ್ತಾರಲ್ಲ, ಸೆಪ್ಟೆಂಬರಿಗೆ. ಮಿಕ್ಕೋರೆಲ್ಲ ಗಲೀಸಿಯಾಕ್ಕಂತೆ. ಇವರನ್ನ ಕೇಳಿದ್ರೆ, ದೇವರು ಕಳ್ಸಿದ ಕಡೆ ಹೋಗ್ತೀನಿ ಅಂದ್ರು. ನಿಮ್ಮನೆಗೇ ಅಂದ್ಕೊಂಡೆ ನಾನು."

ನೀರು ಕುಡಿದೆನೋ ಚೆಲ್ಲಿದೆನೋ ನೆನಪಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಕೂತೆ. ನಿನ್ನ ಜೂನ್ ಪತ್ರ ಕಣ್ಣ ಮುಂದೆ ಬಂತು. ಎಷ್ಟು ಕೋಣೆ, ಹಿಂದಿನದರಲ್ಲಿ ಯಾರಿದ್ದಾರೆ, ಸುಮ್ಮನೆ ಕೇಳಿದೆ. ಅದಕ್ಕೆ ನಾನು ಬರೆದ ಉತ್ತರವೂ ಬಂತು, ಅಕ್ಷರ ಅಕ್ಷರವಾಗಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ. ನಾನು ಆಡಿದ್ದೂ ಅಲ್ಲ, ಬರೆದು, ಅಂಚೆಗೆ ಹಾಕಿದ್ದು.

ಪಾಸ್ಕ್ವಾಲ್ ಬಂದ. ಕೂತವಳನ್ನು ನೋಡಿ ಅವನಿಗೂ ಗಾಬರಿಯಾಯಿತು. "ಏನಾಯ್ತಮ್ಮಾ? ಎದೆ ನೋವಾ?" ಇಲ್ಲ, ನೀನು ಹೋಗು ಎಂದೆ. ಅವನು ಎರಡು ಹೆಜ್ಜೆ ಹೋಗಿ ಮತ್ತೆ ತಿರುಗಿ, "ಬೇಕಿದ್ರೆ ನಾನೂ ಕೂತ್ಕೋತೀನಿ, ನಂಗೇನ್ ಅವಸರ ಇಲ್ಲ" ಎಂದ. ಒಳ್ಳೆಯವನು. ಗದರಿಸಿ ಕಳಿಸಿದೆ.

ಆಮೇಲೆ ಇಳಿದೆ. ಓಡಲಾಗಲಿಲ್ಲ, ನಡೆದೆ. ಕೆಳಗೆ ಮೇಜುಗಳ ಬಿಳಿ ಬಟ್ಟೆ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ಯಾರೂ ನಿಲ್ಲುವುದಿಲ್ಲ ಎಂದು ಬರೆದಿದ್ದೆ ನೀನು. ನಾನು ಎರಡು ಸಲ ನಿಂತೆ.

ಚೌಕ ತಲುಪುವಾಗ ಮುಸ್ಸಂಜೆ ಕಳೆದು ದೀಪ ಹಾಕಿದ್ದರು. ಗೆದ್ದವನ ಹುಂಜಗಳು ಕೂಗಿ ಕೂಗಿ ಸುಸ್ತಾಗಿದ್ದವು. ಕುರಿ ಮಾಂಸದ ದೊಡ್ಡ ಬಾಣಲೆಗಳ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಎಲ್ಲರೂ ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದರು, ಯಾರೊಬ್ಬರೂ ರೊಟ್ಟಿ ಮುಟ್ಟಿರಲಿಲ್ಲ. ನನ್ನನ್ನು ನೋಡಿದ್ದೇ ಚಪ್ಪಾಳೆ, ಶಿಳ್ಳೆ. ಯಾರೋ, "ಮುಂದಿನ ವರ್ಷಕ್ಕೆ ಈಗ್ಲೇ ಹೊರಡ್ಬಿಡೆ" ಎಂದರು. ಮೇಯರ್ ಈರುಳ್ಳಿಯನ್ನು ಕೈಯಲ್ಲಿಟ್ಟು ಹೇಳಿದರು.

"ಬೇಗ ಹೇಳ್ಬಿಡಮ್ಮ ಆ ಮಾತು. ಹೊಟ್ಟೆ ತಾಳ ಹಾಕ್ತಿದೆ."

ಮೇಜುಗಳ ಕಡೆ ತಿರುಗಿದೆ.

"ಎಲ್ಲರೂ ಬಂದಿಲ್ಲ" ಎಂದೆ.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಪಾಸ್ಕ್ವಾಲ್ ಎದ್ದು ನಿಂತು, "ನಾನ್ ಬಂದೆನಲ್ಲಪ್ಪಾ" ಎಂದ. ಎಲ್ಲರೂ ನಕ್ಕರು. ನಿಯೆವೆಸ್ ಹತ್ತಿರ ಬಂದು, ಇನ್ಯಾರು ಬರಬೇಕೇ ಎಂದು ಕೇಳಿದಳು. ನಮ್ಮಕ್ಕ ಎಂದೆ. ಮತ್ತೆ ನಕ್ಕರು, ಬಿಸಿಲು ತಲೆಗೇರಿದೆ ಎಂದುಕೊಂಡಿರಬೇಕು. ಮೇಯರ್, "ಕಸಿಲ್ದಾ ಹೋಗಿ ಮೂವತ್ತು ವರ್ಷದ ಮೇಲಾಯ್ತಲ್ಲಮ್ಮ, ಮಾಂಸ ಅಷ್ಟೊಂದು ಕಾಯಲ್ಲ" ಎಂದರು. ಅಷ್ಟಕ್ಕೆ ನನಗೆ ಅಳು ಬಂತು. ಊರ ಮುಂದೆ, ಈರುಳ್ಳಿ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟೆ. ನಗು ನಿಂತಿತು.

ಉರ್ಬೆಸ್ ಊರುಗೋಲು ಊರುತ್ತ ಬಂದ. ಕಿವಿಯಲ್ಲಿ ಹೇಳಿದೆ, ಮಠದ್ದು, ನನ್ನ ಪತ್ರದ್ದು, ಎಲ್ಲ. ಅವನು ಊರುಗೋಲನ್ನು ಮೇಜಿಗೆ ಒರಗಿಸಿದ.

"ಅದಕ್ಕೇನೀಗ, ಆಲೂಗಡ್ಡೇನ ಕೊಟ್ಟಿಗೆಗೆ ಹಾಕಿದ್ರಾಯ್ತು. ಮೊದ್ಲು ಆ ಮಾತು ಹೇಳು ಮಾರಾಯ್ತಿ, ಜನ ಹಸ್ಕೊಂಡಿದಾರೆ."

ಹೇಳಿದೆ. ಎಲ್ಲರೂ ಬಂದಾಯಿತು ಎಂದು ಊರಿಗೆಲ್ಲ ಕೇಳಿಸುವ ಹಾಗೆ ಸುಳ್ಳು ಹೇಳಿದೆ. ಅವರು ಉಂಡರು. ನನ್ನ ತಟ್ಟೆ ಹಾಗೇ ಇತ್ತು.

ಅಕ್ಕ, ನಾನು ದಣಿದಿದ್ದೇನೆ. ಅದು ಸುಳ್ಳಲ್ಲ, ನಾಳೆಯೂ ದಣಿದಿರುತ್ತೇನೆ. ಇನ್ನೊಂದು ಜೀವ ಬೇಡ ಎಂದು ಬರೆದಾಗ ನಿನ್ನನ್ನು ಆ ಲೆಕ್ಕದಲ್ಲಿ ಸೇರಿಸಿರಲಿಲ್ಲ. ನೀನು ಹೊರಗೆ ಬರಬಹುದು ಎಂದೇ ನನಗೆ ಹೊಳೆದಿರಲಿಲ್ಲ, ನೀನು ಗೋಡೆಯೇ ಆಗಿಬಿಟ್ಟಿದ್ದೆ ನನಗೆ. ನೀನಾದರೂ ನೇರವಾಗಿ ಕೇಳಬಾರದಿತ್ತೇ? ನಿನ್ನ ಜಂಬಕ್ಕಿಷ್ಟು ಬೆಂಕಿ ಬೀಳಲಿ. ಕೋಣೆ ಖಾಲಿಯಾಗಿದೆ, ಪಾಸ್ಕ್ವಾಲ್ ಬಂದು ಮೂಟೆ ಹೊತ್ತ. ಸುಣ್ಣ ಹೊಡೆಯುವುದು ಬಾಕಿ. ಬಾ. ನಿನಗಾಗಿ ಅಲ್ಲ, ನನಗಾಗಿ ಬಾ.

ಒರೋಸಿಯಾ

—

ಓಲ್ಮೆದಿಯಾ, ಮಠ
ಆಗಸ್ಟ್ 27, 2003

ಒರೋಸಿ,

ಪತ್ರ ಪೂರ್ತಿ ಓದಿದೆ. ಮಡಚಿಟ್ಟು, ಮತ್ತೆ ಬಿಚ್ಚಿ ಓದಿದೆ.

ನನಗೆ ಸಿಟ್ಟು ಬಂದಿತ್ತು. ಜುಲೈ ಪೂರ್ತಿ, ಆಗಸ್ಟ್ ಅರ್ಧ, ಬಾಯಲ್ಲಿ ಕೀರ್ತನೆ, ಮನಸ್ಸಿನಲ್ಲಿ ನಿನಗೆ ಬೈಗುಳ. ನಿನಗೆ ಗೊತ್ತಿಲ್ಲದೆ ಆಡಿದ್ದು ಎಂದು ಗೊತ್ತಿದ್ದೂ ಬೈದೆ. ಗೊತ್ತಾಗದ ಹಾಗೆ ಕೇಳಿದವಳು ನಾನೇ. ಗಲೀಸಿಯಾಕ್ಕೆ ಹೋಗುತ್ತೇನೆ ಎಂದು ಮದರ್‌ಗೆ ಹೇಳಿಯೂ ಬಿಟ್ಟಿದ್ದೆ. ನಿನ್ನ ಪತ್ರ ಬಂದ ಮಧ್ಯಾಹ್ನ ಅವರ ಬಾಗಿಲು ತಟ್ಟಿ, ಇಲ್ಲ ಎಂದೆ. "ಹೂಂ, ಗೊತ್ತಿತ್ತು ಬಿಡು" ಎಂದರು. ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ, ನಮ್ಮಿಬ್ಬರಿಗೇ ಗೊತ್ತಿರುವುದಿಲ್ಲ.

ಒಂದು ವರ್ಷಕ್ಕೆ ಬಿಷಪ್ ಅನುಮತಿ ಸಿಕ್ಕಿದೆ. ಆಮೇಲಿನದು ತಿಳಿಯದು.

ಸಂತೋಷವಾಗಿದೆ ಎಂದು ಬರೆಯಬೇಕು, ಬರೆಯಲಾರೆ. ಬೆನಿಗ್ನಾ ತಾಯಿ ದಿನಕ್ಕೆ ಎಷ್ಟೋ ಸಲ, "ಸಮುದ್ರ ನೋಡೋಕೆ ನೀನೂ ಬರ್ತೀಯಲ್ಲಮ್ಮಾ?" ಎಂದು ಕೇಳುತ್ತಾರೆ. ಪ್ರತಿ ಸಲವೂ ಕಿವಿಯ ಹತ್ತಿರ ಬಾಗಿ, ಗಟ್ಟಿಯಾಗಿ, ಬರುವುದಿಲ್ಲ ಎಂದು ಹೇಳಬೇಕು. ಆಮೇಲೆ ಅವರು ಮರೆಯುತ್ತಾರೆ. ನಾನು ಮರೆಯುವುದಿಲ್ಲ. ಅವರನ್ನು ಕೈಬಿಟ್ಟು ಬರುತ್ತಿದ್ದೇನೆ, ಅದನ್ನು ತಿಳಿದೇ ಕರೆಸಿಕೋ.

ಇನ್ನೊಂದು. ನಾನು ಒಳ್ಳೆಯವಳಲ್ಲ. ಊಟದ ಹೊತ್ತು ತಪ್ಪಿದರೆ ಮುಖ ಗಂಟಿಕ್ಕುತ್ತೇನೆ. ಪಾತ್ರೆಯನ್ನು ನನ್ನ ರೀತಿಯಲ್ಲೇ ಇಡಬೇಕು. ಹೊರಗಿನ ಬಾಗಿಲನ್ನು ನಾನಾಗಿ ತೆರೆದು ಎಷ್ಟೋ ವರ್ಷವಾಯಿತು. ಸೆಪ್ಟೆಂಬರ್ ಮೂವತ್ತಕ್ಕೆ ಹಿಲಾರಿಯೋ ತನ್ನ ವ್ಯಾನಿನಲ್ಲಿ ಕರೆತರುತ್ತಾನೆ. ರಸ್ತೆಗೆ ಬಂದು ಅಳುತ್ತ ನಿಲ್ಲಬೇಡ, ಊರವರಿಗೆ ಈ ವರ್ಷ ಅಷ್ಟು ಸಾಕು.

ನಾವಿಲ್ಲಿ ಪ್ರತಿದಿನ ನಡುರಾತ್ರಿ ಎದ್ದು ಪ್ರಾರ್ಥನೆಗೆ ಇಳಿಯುತ್ತೇವೆ. ಬಂದಾಗಿನಿಂದ ನಾನು ಒಂದು ರಾತ್ರಿಯನ್ನೂ ಪೂರ್ತಿ ಮಲಗಿಲ್ಲ, ಇನ್ನು ಕಲಿಯುವ ವಯಸ್ಸೂ ಅಲ್ಲ. ಆ ಹೊತ್ತಿಗೆ ನಿಮ್ಮ ಮನೆಯಲ್ಲೂ ನನಗೆ ಎಚ್ಚರವಾಗುತ್ತದೆ. ನಿನ್ನ ಅತ್ತೆಯ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಡು. ಅವರು ಎದ್ದಾಗ ನಾನು ಎದ್ದಿರುತ್ತೇನೆ.

ನೀನು ಮಲಗು.

ಕಸಿಲ್ದಾ